ಡೀಸೆಲ್ ಪಿಕಪ್‌ಗೆ ಸಿಂಥೆಟಿಕ್ ಆಯಿಲ್: ಕ್ಯಾನಿನ ಹಿಂಬದಿ ಓದಿ ಕೊಳ್ಳುವುದು ಹೇಗೆ

ಅಂಗಡಿಗೆ ಹೋಗಿ "ಪಿಕಪ್‌ಗೆ ಒಳ್ಳೆ ಸಿಂಥೆಟಿಕ್ ಆಯಿಲ್ ಕೊಡಿ" ಎಂದರೆ ಒಂದು ಕ್ಯಾನ್ ಸಿಕ್ಕೇ ಸಿಗುತ್ತದೆ. ಅದು ನಿಮ್ಮ ಎಂಜಿನ್‌ಗೆ ಆಗುತ್ತದೆಯೇ ಎಂಬುದು ಬೇರೆ ಮಾತು. ಹತ್ತು ವರ್ಷ ಹಳೆಯ ಬೊಲೆರೊ ಪಿಕಪ್‌ಗೆ ಚೆನ್ನಾಗಿ ಹೊಂದುವ ಆಯಿಲ್ಲೇ ಬಿಎಸ್6 (ಹೊಸ ಹೊಗೆ ನಿಯಮದ) ಪಿಕಪ್‌ನ ಸೈಲೆನ್ಸರ್ ದಾರಿಯಲ್ಲಿರುವ ಫಿಲ್ಟರನ್ನು ನಿಧಾನವಾಗಿ ಕಟ್ಟಿಸಬಹುದು. ಆದ್ದರಿಂದ ಮೊದಲು ಎಂಜಿನ್ ಯಾವ ದರ್ಜೆಯ ಆಯಿಲ್ ಕೇಳುತ್ತದೆ ಎಂದು ನೋಡಿ. ಆಮೇಲೆ ಗ್ರೇಡು, ಅಂದರೆ ಆಯಿಲ್‌ನ ದಪ್ಪ. ಸಿಂಥೆಟಿಕ್ ಹೌದೋ ಅಲ್ಲವೋ ಎಂಬುದು ಮೂರನೆಯದು, ಬ್ರ್ಯಾಂಡು ಕೊನೆಯದು. ಕೌಂಟರಿನ ಮುಂದೆ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ.

ಮೊದಲು ಗಾಡಿಯನ್ನು ಗುರುತಿಸಿ

ಆರ್‌ಸಿ ತೆಗೆದು ಎಮಿಷನ್ ನಾರ್ಮ್ಸ್ ಎಂಬಲ್ಲಿ ಏನಿದೆ ನೋಡಿ. ದೇಶದಲ್ಲಿ ಬಿಎಸ್6 ಜಾರಿಯಾದದ್ದು 2020ರ ಏಪ್ರಿಲ್ 1ರಂದು. ಅದು ಬಿಎಸ್6 ಡೀಸೆಲ್ ಗಾಡಿಯಾದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇದೆ ಎಂದೇ ಇಟ್ಟುಕೊಳ್ಳಿ. ಡೀಸೆಲ್ ಮುಚ್ಚಳದ ಹತ್ತಿರ ನೀಲಿ ಮುಚ್ಚಳವೂ ಇದ್ದರೆ ಅದು ಡಿಇಎಫ್, ಅಂದರೆ ಹೊಗೆ ಶುದ್ಧ ಮಾಡುವ ದ್ರವ, ತುಂಬುವ ಜಾಗ. ಅದಕ್ಕೂ ಎಂಜಿನ್ ಆಯಿಲ್‌ಗೂ ಸಂಬಂಧವಿಲ್ಲ. ಅದರಲ್ಲಿರುವುದು 32.5 ಶೇಕಡಾ ಯೂರಿಯಾ ಕರಗಿಸಿದ ಶುದ್ಧ ನೀರು. ಆಯಿಲ್ ಹಾಕುವ ಬಾಯಿಗೂ ಡೀಸೆಲ್ ಟ್ಯಾಂಕಿಗೂ ಅದು ಹೋಗಕೂಡದು.

ಆಯಿಲ್ ಆಯ್ಕೆಯಲ್ಲಿ ಡಿಪಿಎಫ್ ಯಾಕೆ ಇಷ್ಟು ಮುಖ್ಯ ಎಂದು ಸ್ವಲ್ಪ ವಿವರವಾಗಿ ನೋಡೋಣ. ಫಿಲ್ಟರಿನಲ್ಲಿ ಎರಡು ವಸ್ತು ಸೇರುತ್ತವೆ. ಒಂದು ಮಸಿ. ಅದು ಅರೆಬೆಂದ ಇಂಗಾಲ. ಎಂಜಿನ್ ತಾನಾಗಿಯೇ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಬಿಸಿಮಾಡಿ ಅದನ್ನು ಸುಟ್ಟುಹಾಕುತ್ತದೆ. ಇದನ್ನೇ ರೀಜನರೇಷನ್ ಎನ್ನುವುದು. ಇನ್ನೊಂದು ಬೂದಿ. ಪಿಸ್ಟನ್ ರಿಂಗ್ ದಾಟಿ ಮೇಲೆ ಹೋದ ಆಯಿಲ್ ಉರಿದಾಗ, ಅದಕ್ಕೆ ಬೆರೆಸಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸತು ಇವು ಬೂದಿಯಾಗಿ ಉಳಿಯುತ್ತವೆ. ಇದು ಎಷ್ಟೇ ಬಿಸಿಮಾಡಿದರೂ ಸುಡುವುದಿಲ್ಲ. ಫಿಲ್ಟರ್ ಬಿಚ್ಚಿ ತೊಳೆಸುವವರೆಗೆ ಅಲ್ಲೇ ಕೂತಿರುತ್ತದೆ. ಬೂದಿ ಹೆಚ್ಚಿದಷ್ಟೂ ಮಸಿಗೆ ಜಾಗ ಕಮ್ಮಿ. ರೀಜನರೇಷನ್ ಪದೇಪದೇ ಬರುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ, ಘಾಟಿ ಹತ್ತುವಾಗ ಗಾಡಿ ಎಳೆಯುವುದಿಲ್ಲ. ಆಗ ಮೆಕ್ಯಾನಿಕ್ ಇಂಜೆಕ್ಟರ್ ಮೇಲೋ ಟರ್ಬೋ ಮೇಲೋ ಅನುಮಾನ ಪಡುತ್ತಾನೆ. ಎರಡು ವರ್ಷ ಹಿಂದೆ ಹಾಕಿದ ತಪ್ಪು ಆಯಿಲ್ ಯಾರಿಗೂ ನೆನಪಿರುವುದಿಲ್ಲ.

ಅಕ್ಷರಗಳ ಲೆಕ್ಕ

ಕ್ಯಾನಿನ ಹಿಂಬದಿಯಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂಬ ದುಂಡು ಮುದ್ರೆ ಹುಡುಕಿ. ಮೇಲರ್ಧದಲ್ಲಿ ದರ್ಜೆ, ನಡುವೆ ಗ್ರೇಡ್ ಇರುತ್ತದೆ. 'ಸಿ' ಅಕ್ಷರದಿಂದ ಶುರುವಾಗುವ ದರ್ಜೆ ಡೀಸೆಲ್‌ನದು, 'ಎಸ್' ಪೆಟ್ರೋಲಿನದು. ಬರೀ ಎಸ್‌ಎನ್ ಅಥವಾ ಎಸ್‌ಪಿ ಎಂದಷ್ಟೇ ಇದ್ದರೆ ಬೆಲೆ ಎಷ್ಟೇ ಇರಲಿ, ಫುಲ್ಲಿ ಸಿಂಥೆಟಿಕ್ ಎಂದು ಎಷ್ಟೇ ದೊಡ್ಡದಾಗಿ ಬರೆದಿರಲಿ, ಆ ಕ್ಯಾನನ್ನು ವಾಪಸ್ ಇಡಿ.

ನಮ್ಮಲ್ಲಿ ಸಿಗುವ ಡೀಸೆಲ್ ದರ್ಜೆಗಳಲ್ಲಿ ಸಿಎಚ್-4, ಸಿಐ-4, ಸಿಐ-4 ಪ್ಲಸ್ ಇವು ಹಳೆಯವು. ಇವುಗಳಲ್ಲಿ ಬೂದಿಗೆ ಮಿತಿ ಹಾಕಿಲ್ಲ. ಡಿಪಿಎಫ್ ಇರುವ ಗಾಡಿಗೆ ಇವು ಬೇಡವೇ ಬೇಡ. 2016ರ ಕೊನೆಯಲ್ಲಿ ಬಂದ ಸಿಕೆ-4ರಲ್ಲಿ ಸಲ್ಫೇಟೆಡ್ ಆ್ಯಶ್, ಅಂದರೆ ಈ ಬೂದಿಯ ಅಳತೆ, 1.0 ಶೇಕಡಾ ಮೀರುವಂತಿಲ್ಲ. ಹಳೆಯ ದರ್ಜೆ ಕೇಳುವ ಎಂಜಿನ್‌ಗಳಿಗೂ ಇದನ್ನು ಹಾಕಬಹುದು. ಸಿಕೆ-4 ಜೊತೆಯಲ್ಲೇ ಬಂದ ಎಫ್‌ಎ-4 ಬೇರೆಯದೇ ಜಾತಿ, ತೆಳು ಆಯಿಲ್. ಮ್ಯಾನ್ಯುಯಲ್‌ನಲ್ಲಿ ಹೆಸರು ಹಿಡಿದು ಹೇಳದಿದ್ದರೆ ಅದರ ತಂಟೆಗೆ ಹೋಗಬೇಡಿ.

ಕಾರಿನ ಎಂಜಿನ್‌ನಿಂದ ಬಂದ ಡೀಸೆಲ್ ಇರುವ ಪಿಕಪ್‌ಗಳ ಮ್ಯಾನ್ಯುಯಲ್‌ನಲ್ಲಿ ಎಪಿಐ ಬದಲು ಯೂರೋಪಿನ ಎಸಿಇಎ ಅಥವಾ ಜಪಾನಿನ ಜಾಸೋ ದರ್ಜೆ ಬರೆದಿರಬಹುದು. ಎಸಿಇಎ ಸಿ2, ಸಿ3 ಎರಡರಲ್ಲೂ ಬೂದಿ 0.8 ಶೇಕಡಾ ಒಳಗೆ. ಜಾಸೋ ಡಿಎಲ್-1 ಇನ್ನೂ ಬಿಗಿ, 0.6ರ ಒಳಗೆ. ಡಿಎಚ್-2 ಭಾರಿ ವಾಹನಗಳದ್ದು, ಸುಮಾರು 1.0. ಎಸಿಇಎ ಎ3/ಬಿ4 ಎಂಬುದು ಡಿಪಿಎಫ್ ಇಲ್ಲದ ಎಂಜಿನ್‌ಗೆ. ಅದರ ಬೂದಿ 1.6ರವರೆಗೂ ಹೋಗುತ್ತದೆ. "ಸಿಕೆ-4 ಎಲ್ಲಕ್ಕಿಂತ ಹೊಸದು, ಆದ್ದರಿಂದ ಎಲ್ಲದಕ್ಕೂ ನಡೆಯುತ್ತದೆ" ಎನ್ನುವವರು ಎಡವುವುದು ಇಲ್ಲೇ. ಮ್ಯಾನ್ಯುಯಲ್ ಡಿಎಲ್-1 ಎಂದಿದ್ದರೆ, 1.0 ಬೂದಿಯ ಸಿಕೆ-4 ಹಾಕಿದಾಗ ಫಿಲ್ಟರಿಗೆ ಹೋಗುವ ಬೂದಿ ಒಂದೂವರೆ ಪಟ್ಟಿಗೂ ಹೆಚ್ಚು.

ಹಳೆ ಬಿಎಸ್3, ಬಿಎಸ್4 ಗಾಡಿಯವರಲ್ಲಿ ಒಂದು ಅನುಮಾನ ಉಂಟು: ಬೂದಿ ಕಮ್ಮಿ ಎಂದರೆ ಆಮ್ಲ ತಡೆಯುವ ಶಕ್ತಿಯೂ ಕಮ್ಮಿ ಅಲ್ಲವೇ? ಮಾತು ಸರಿ. ಡೀಸೆಲ್‌ನಲ್ಲಿನ ಗಂಧಕ ಉರಿದಾಗ ಆಮ್ಲವಾಗುತ್ತದೆ, ಅದನ್ನು ಕೊಲ್ಲಲು ಆಯಿಲ್‌ನಲ್ಲಿ ಕ್ಷಾರ ಬೇಕು. ಆದರೆ ಬಿಎಸ್3 ಕಾಲದ ಡೀಸೆಲ್‌ನಲ್ಲಿ ಗಂಧಕ 350 ಪಿಪಿಎಂ ಇತ್ತು, ಬಿಎಸ್4ರಲ್ಲಿ 50, ಈಗ ಬಂಕಿನಲ್ಲಿ ಸಿಗುವ ಬಿಎಸ್6 ಡೀಸೆಲ್‌ನಲ್ಲಿ ಹೆಚ್ಚೆಂದರೆ 10. ಹಳೆ ಗಾಡಿಯೂ ಕುಡಿಯುವುದು ಇದೇ ಡೀಸೆಲ್. ಹಾಗಾಗಿ ಹಳೆ ಎಂಜಿನ್‌ಗೆ ಸಿಕೆ-4 15ಡಬ್ಲ್ಯೂ-40 ಹಾಕಲು ಹಿಂಜರಿಯಬೇಕಿಲ್ಲ.

ಗ್ರೇಡು: 5ಡಬ್ಲ್ಯೂ-30 ಮತ್ತು 15ಡಬ್ಲ್ಯೂ-40

ಡಬ್ಲ್ಯೂ ಪಕ್ಕದ ಅಂಕಿ ಚಳಿಯದು. 15ಡಬ್ಲ್ಯೂ ಆಯಿಲ್ ಮೈನಸ್ 20 ಡಿಗ್ರಿಯಲ್ಲೂ ಎಂಜಿನ್ ತಿರುಗಿಸಲು ಬಿಡಬೇಕು, 5ಡಬ್ಲ್ಯೂ ಮೈನಸ್ 30ರಲ್ಲಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಲಡಾಖ್ ಕಡೆ ಬಾಡಿಗೆಗೆ ಹೋಗದಿದ್ದರೆ ಚಳಿಯ ಕಾರಣಕ್ಕಾಗಿ 5ಡಬ್ಲ್ಯೂ ಬೇಕಾಗಿಲ್ಲ. ಆದರೂ ಅದರಿಂದ ಒಂದು ಲಾಭವಿದೆ: ಬೆಳಗಿನ ಜಾವ ಸ್ಟಾರ್ಟ್ ಮಾಡಿದ ಕ್ಷಣಗಳಲ್ಲಿ ತೆಳು ಆಯಿಲ್ ಟರ್ಬೋ ಬೇರಿಂಗ್‌ಗೂ ರಾಕರ್‌ಗೂ ಬೇಗ ತಲುಪುತ್ತದೆ.

ಎರಡನೆಯ ಅಂಕಿ ಬಿಸಿಯದು, ನಮಗೆ ಮುಖ್ಯವಾದದ್ದು. 100 ಡಿಗ್ರಿಯಲ್ಲಿ 30 ಗ್ರೇಡಿನ ದಪ್ಪ 9.3ರಿಂದ 12.5 ಸೆಂಟಿಸ್ಟೋಕ್ ಒಳಗೆ, 40 ಗ್ರೇಡಿನದು 12.5ರಿಂದ 16.3ರ ಒಳಗೆ. ಇದಕ್ಕಿಂತಲೂ ನಿಜ ಹೇಳುವ ಅಳತೆ ಎಚ್‌ಟಿಎಚ್‌ಎಸ್. ಕ್ರ್ಯಾಂಕ್ ಬೇರಿಂಗಿನ ಸಂದಿಯಲ್ಲಿ ಆಯಿಲ್ ಅನುಭವಿಸುವ ಬಿಸಿ ಮತ್ತು ಒತ್ತಡದಲ್ಲಿ, 150 ಡಿಗ್ರಿಗೆ, ಪದರ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಇದು ತೋರಿಸುತ್ತದೆ. 30 ಗ್ರೇಡಿಗೆ ಕನಿಷ್ಠ 2.9, 5ಡಬ್ಲ್ಯೂ-40ಕ್ಕೆ 3.5, 15ಡಬ್ಲ್ಯೂ-40ಕ್ಕೆ 3.7 ಇರಬೇಕು. ಎರಡು 5ಡಬ್ಲ್ಯೂ-30 ಕ್ಯಾನ್ ಪಕ್ಕಪಕ್ಕ ಇಟ್ಟಾಗಲೂ ಇದೇ ವ್ಯತ್ಯಾಸ ಕಾಣುತ್ತದೆ. ಸಿ2 ದರ್ಜೆಯದಾದರೆ 2.9 ಇದ್ದರೆ ಸಾಕು, ಸಿ3 ಆದರೆ 3.5 ಇರಲೇಬೇಕು. ಎರಡರ ಮೇಲೂ ಬರೆದಿರುವುದು 5ಡಬ್ಲ್ಯೂ-30 ಎಂದೇ.

ಹಾಗಾದರೆ ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಲೋಡು ಹೊರುವ ಗಾಡಿಗೆ, ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಏರುವ ಗಾಡಿಗೆ ದಪ್ಪ ಆಯಿಲ್ ಹಾಕಿಬಿಡಬಹುದೇ? ಮ್ಯಾನ್ಯುಯಲ್ ನೋಡದೆ ಬೇಡ. ಹೆಚ್ಚಿನ ಮ್ಯಾನ್ಯುಯಲ್‌ಗಳಲ್ಲಿ ಹವಾಮಾನಕ್ಕೆ ತಕ್ಕ ಗ್ರೇಡ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ 40 ಗ್ರೇಡಿಗೆ ಅವಕಾಶವಿದ್ದರೆ ಬಿಸಿ ಸೀಮೆಯಲ್ಲಿ ಅದನ್ನೇ ಆರಿಸಿ. ಒಂದೇ ಗ್ರೇಡ್ ಕೊಟ್ಟಿದ್ದರೆ ಅದೇ ಹಾಕಿ. ಬೇರಿಂಗ್ ಸಂದಿ, ಆಯಿಲ್ ಪಂಪು, ಪಿಸ್ಟನ್‌ಗೆ ಕೆಳಗಿಂದ ಆಯಿಲ್ ಎರಚುವ ನಳಿಕೆ ಎಲ್ಲವನ್ನೂ ಕಂಪನಿ ಆ ದಪ್ಪಕ್ಕೇ ಹೊಂದಿಸಿರುತ್ತದೆ. ಗ್ಯಾರೇಜಿನಲ್ಲಿ ಯಾರೋ "ನಮ್ಮ ಬಿಸಿಲಿಗೆ 20ಡಬ್ಲ್ಯೂ-50 ಹಾಕಿ ಸಾರ್" ಎಂದರೆ ನಗುತ್ತಾ ಮುಂದೆ ಹೋಗಿ. ಇದಕ್ಕೆ ವಿರುದ್ಧವಾಗಿ, ಮೈಲೇಜ್ ಆಸೆಗೆ ಹಳೆ 15ಡಬ್ಲ್ಯೂ-40 ಎಂಜಿನ್‌ಗೆ ಸಿ2 5ಡಬ್ಲ್ಯೂ-30 ಹಾಕಿದರೆ, ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಆಯಿಲ್ ಪ್ರೆಷರ್ ದೀಪ ಮಿಣುಕಲು ಶುರುವಾಗಬಹುದು.

ಸಿಂಥೆಟಿಕ್‌ಗೆ ಹಣ ಕೊಡಬೇಕೇ?

ಕ್ಯಾನಿನ ಮೇಲಿನ ಸಿಂಥೆಟಿಕ್ ಎಂಬುದು ತಾಂತ್ರಿಕ ದರ್ಜೆಯಲ್ಲ, ಮಾರಾಟದ ಮಾತು. ಆಯಿಲ್‌ನ ಮೂಲ ತೈಲವನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ: ಕಚ್ಚಾ ತೈಲವನ್ನು ಹೈಡ್ರೋಜನ್ ಜೊತೆ ಒಡೆದು ಶುದ್ಧ ಮಾಡಿದ್ದು ಗ್ರೂಪ್ 3, ಕಾರ್ಖಾನೆಯಲ್ಲಿ ಅಣು ಕಟ್ಟಿ ಮಾಡಿದ ಪಿಎಒ ಗ್ರೂಪ್ 4. 1999ರಲ್ಲಿ ಅಮೆರಿಕದ ಜಾಹೀರಾತು ವ್ಯಾಜ್ಯವೊಂದರಲ್ಲಿ ಗ್ರೂಪ್ 3ನ್ನೂ ಸಿಂಥೆಟಿಕ್ ಎನ್ನಬಹುದು ಎಂದಾದ ಮೇಲೆ, ಮಾರುಕಟ್ಟೆಯ ಬಹುಪಾಲು ಫುಲ್ಲಿ ಸಿಂಥೆಟಿಕ್ ಗ್ರೂಪ್ 3ರದ್ದೇ. ಅದರಲ್ಲಿ ಮೋಸವೇನೂ ಇಲ್ಲ, ಒಳ್ಳೆಯ ಗ್ರೂಪ್ 3 ಪಿಕಪ್‌ಗೆ ಧಾರಾಳ ಸಾಕು. ಮಿನರಲ್ (ಕಚ್ಚಾ ತೈಲದಿಂದ ತೆಗೆದ ಸಾದಾ) ಆಯಿಲ್ ಬೆರೆಸಿದ ಸೆಮಿ ಸಿಂಥೆಟಿಕ್ ವಿಷಯ ಬೇರೆ. ಅದರಲ್ಲಿ ಸಿಂಥೆಟಿಕ್ ಎಷ್ಟು ಪಾಲು ಎಂದು ಕ್ಯಾನಿನ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ದರಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ಹಾಕಿಕೊಳ್ಳಿ. 7 ಲೀಟರ್ ಹಿಡಿಯುವ ಎಂಜಿನ್‌ಗೆ ಲೀಟರಿಗೆ 300 ರೂಪಾಯಿಯ ಮಿನರಲ್ ಆಯಿಲ್ 2,100, ಫಿಲ್ಟರ್, ಕೂಲಿ ಸೇರಿ 700, ಒಟ್ಟು 2,800. ಹತ್ತು ಸಾವಿರ ಕಿ.ಮೀ. ಓಡಿದರೆ ಕಿಲೋಮೀಟರಿಗೆ 28 ಪೈಸೆ. ಲೀಟರಿಗೆ 600ರ ಸಿಂಥೆಟಿಕ್ ಆದರೆ 4,200 ಮತ್ತು 700, ಒಟ್ಟು 4,900. ಅದೇ 28 ಪೈಸೆಗೆ ಇಳಿಯಬೇಕಾದರೆ 17,500 ಕಿ.ಮೀ. ಓಡಿಸಬೇಕು. ಕಂಪನಿ ಹೇಳಿದ್ದು ಹತ್ತು ಸಾವಿರವಾದರೆ, ವಾರಂಟಿ ಇರುವಷ್ಟು ದಿನ ಅದನ್ನು ಮೀರುವಂತಿಲ್ಲ. ಅಂದರೆ "ಸಿಂಥೆಟಿಕ್ ಹಾಕಿದರೆ ಆಯಿಲ್ ಚೇಂಜ್ ಉಳಿಯುತ್ತದೆ" ಎಂಬ ಲೆಕ್ಕದಲ್ಲಿ ಹಣ ಹುಟ್ಟುವುದಿಲ್ಲ.

ಹಣ ಹುಟ್ಟುವುದು ಬೇರೆ ಕಡೆ. ಟರ್ಬೋದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ಅದರ ಬೇರಿಂಗನ್ನು ಕಾಯುವುದು ಆಯಿಲ್. ಘಾಟಿ ಹತ್ತಿ ಬಂದು ತಕ್ಷಣ ಎಂಜಿನ್ ಆಫ್ ಮಾಡಿದರೆ ಅಲ್ಲಿ ನಿಂತ ಆಯಿಲ್ ಕರಕಾಗುತ್ತದೆ. ಸಿಂಥೆಟಿಕ್ ಆ ಬಿಸಿಯನ್ನು ಹೆಚ್ಚು ತಾಳುತ್ತದೆ. (ಯಾವ ಆಯಿಲ್ ಇದ್ದರೂ ಒಂದೆರಡು ನಿಮಿಷ ಐಡಲ್ ಬಿಟ್ಟೇ ಆಫ್ ಮಾಡಿ.) ಆವಿಯಾಗುವುದೂ ಕಮ್ಮಿ, ಆದ್ದರಿಂದ ಉರಿಯುವ ಆಯಿಲ್ ಕಮ್ಮಿ, ಡಿಪಿಎಫ್‌ಗೆ ಬೂದಿ ಕಮ್ಮಿ. ಟರ್ಬೋ, ಲೋಡು, ಘಾಟಿ, ಡಿಪಿಎಫ್ ಇವುಗಳಲ್ಲಿ ಎರಡಾದರೂ ನಿಮ್ಮ ಗಾಡಿಗೆ ಅನ್ವಯಿಸಿದರೆ ಸಿಂಥೆಟಿಕ್ ತಕ್ಕ ಖರ್ಚು. ಊರೊಳಗೆ ಹಾಲಿನ ಕ್ಯಾನ್ ಹೊತ್ತು ಓಡಾಡುವ ಹಳೆ ಬಿಎಸ್3 ಗಾಡಿಗೆ ಒಳ್ಳೆಯ ಮಿನರಲ್ 15ಡಬ್ಲ್ಯೂ-40 ಹಾಕಿ ಸಮಯಕ್ಕೆ ಸರಿಯಾಗಿ ಬದಲಿಸುವುದೇ ಜಾಣತನ.

ಕೊಳ್ಳುವ ಮುನ್ನ ಆ ಆಯಿಲ್‌ನ ಡೇಟಾ ಶೀಟ್ ಕಂಪನಿಯ ತಾಣದಲ್ಲಿ ಹುಡುಕಿ ನಾಲ್ಕೇ ಸಾಲು ಓದಿ: ಸಲ್ಫೇಟೆಡ್ ಆ್ಯಶ್, ಎಚ್‌ಟಿಎಚ್‌ಎಸ್, ನೋಆ್ಯಕ್, ಟಿಬಿಎನ್ (ಆಮ್ಲ ಕೊಲ್ಲುವ ಕ್ಷಾರದ ಅಳತೆ). ನೋಆ್ಯಕ್ ಎಂದರೆ 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದಾಗ ಎಷ್ಟು ಶೇಕಡಾ ಆವಿಯಾಯಿತು ಎಂಬ ಅಳತೆ. 13ರ ಒಳಗಿರಬೇಕು, 10ರ ಒಳಗಿದ್ದರೆ ಚೆನ್ನ. ಪೋರ್ ಪಾಯಿಂಟ್ (ಆಯಿಲ್ ಹರಿಯಬಲ್ಲ ಅತಿ ಕಡಿಮೆ ಉಷ್ಣಾಂಶ) ಮೈನಸ್ 40 ಎಂದು ಹೊಗಳಿಕೊಂಡಿದ್ದರೆ ನಮಗೇನೂ ಅದರಿಂದ ಆಗಬೇಕಿಲ್ಲ. ದರ್ಜೆಯ ಮುಂದೆ ಅಪ್ರೂವಲ್ ಅಥವಾ ಲೈಸೆನ್ಸ್ಡ್ ಎಂದಿದ್ದರೆ ಪರೀಕ್ಷೆಯಾಗಿ ಒಪ್ಪಿಗೆ ಸಿಕ್ಕಿದೆ ಎಂದರ್ಥ. ಸೂಟಬಲ್ ಫಾರ್ ಎಂದರೆ ಅದು ಆಯಿಲ್ ಮಾಡಿದವರ ಸ್ವಂತ ಅಭಿಪ್ರಾಯ.

ಎಷ್ಟು ಲೀಟರ್, ಯಾವ ಕ್ಯಾನ್

ಫಿಲ್ಟರ್ ಸಮೇತ ಎಷ್ಟು ಹಿಡಿಯುತ್ತದೆ ಎಂಬ ಅಂಕಿಯನ್ನು ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ. 2.8 ಲೀಟರ್ ಎಂಜಿನ್ನಿನ ಟೊಯೋಟಾ ಹೈಲಕ್ಸ್‌ಗೆ ಅದು 7.5 ಲೀಟರ್. ಹಾಗಿರುವ ಗಾಡಿಗೆ 5 ಲೀಟರಿನ ಒಂದು, 1 ಲೀಟರಿನ ಮೂರು ಕ್ಯಾನ್ ಕೊಂಡರೆ ಅರ್ಧ ಲೀಟರ್ ಟಾಪ್ ಅಪ್‌ಗೆ ಉಳಿಯುತ್ತದೆ. ಲೂಸ್ ಆಯಿಲ್ ಬೇಡ, ಟ್ರ್ಯಾಕ್ಟರಿಗೆ ತಂದಿಟ್ಟ ಬ್ಯಾರೆಲ್ಲಿನದೂ ಬೇಡ. ಸೀಲ್ ನೋಡಿ, ಬ್ಯಾಚ್ ನಂಬರ್ ಅಳಿಸಿಲ್ಲವೇ ನೋಡಿ, ಕ್ಯೂಆರ್ ಇದ್ದರೆ ಸ್ಕ್ಯಾನ್ ಮಾಡಿ, ಬಿಲ್ ಕೇಳಿ. ಖಾಲಿ ಕ್ಯಾನನ್ನು ಚಾಕುವಿನಿಂದ ಸೀಳಿ ಎಸೆಯಿರಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಆ ಡಬ್ಬವೇ.

ಬದಲಿಸುವಾಗ

ಎಂಜಿನ್ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ ಸ್ವಲ್ಪ ಆರಲು ಬಿಡಿ. ಸಮತಟ್ಟು ಜಾಗದಲ್ಲಿ ಚೇಂಬರಿನ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ) ಡ್ರೇನ್ ಬೋಲ್ಟ್ ಬಿಚ್ಚಿ, ಹನಿ ನಿಲ್ಲುವವರೆಗೆ ಕಾಯಿರಿ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದಿರಲಿ. ಹಳೇ ತಾಮ್ರದ ವಾಷರ್ ಇಟ್ಟು ಸೋರಿಕೆ ನಿಲ್ಲಿಸಲು ಹೆಚ್ಚು ಬಿಗಿ ಮಾಡಿದರೆ ಚೇಂಬರಿನ ಥ್ರೆಡ್ ಕಿತ್ತುಬರುತ್ತದೆ. ತಿರುಗಿಸಿ ಕೂರಿಸುವ ಫಿಲ್ಟರ್ ಆದರೆ ಅದರ ರಬ್ಬರಿಗೆ ಹೊಸ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಸಾಕು. ಹಳೇ ಫಿಲ್ಟರಿನ ರಬ್ಬರ್ ಎಂಜಿನ್‌ಗೇ ಅಂಟಿಕೊಂಡು ಉಳಿದಿಲ್ಲ ಎಂದು ಬೆರಳಾಡಿಸಿ ನೋಡಿ. ಎರಡು ರಬ್ಬರ್ ಮೇಲೊಂದು ಕೂತರೆ ಸ್ಟಾರ್ಟ್ ಮಾಡಿದೊಡನೆ ಆಯಿಲ್ಲೆಲ್ಲ ನೆಲದ ಮೇಲೆ.

ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಮ್ಮಿ ಹಾಕಿ, ಸ್ಟಾರ್ಟ್ ಮಾಡಿ, ಪ್ರೆಷರ್ ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಒಂದು ನಿಮಿಷ ಓಡಿಸಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಉಳಿದದ್ದನ್ನು ಸ್ವಲ್ಪ ಸ್ವಲ್ಪ ಸೇರಿಸಿ. ಗೆರೆ ಮೀರಬಾರದು. ಹೆಚ್ಚಾದ ಆಯಿಲ್ ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ಮೂಲಕ ಗಾಳಿಯ ದಾರಿಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು, ಚಾವಿ ತೆಗೆದರೂ ನಿಲ್ಲದೆ ಓಡಬಲ್ಲದು.

ವರ್ಷಗಟ್ಟಲೆ ಮಿನರಲ್ ಹಾಕಿದ್ದ ಎಂಜಿನ್‌ಗೆ ಮೊದಲ ಸಲ ಸಿಂಥೆಟಿಕ್ ಹಾಕುವಾಗ ಒಳಗಿನ ಹಳೇ ಕೊಳೆ ಬಿಟ್ಟುಬರುತ್ತದೆ. ಫ್ಲಶ್ (ಎಂಜಿನ್ ಒಳಗೆ ತೊಳೆಯುವ ದ್ರವ) ಹಾಕಿ ಒಮ್ಮೆಗೇ ಕೀಳಿಸಬೇಡಿ, ಕಿತ್ತುಬಂದ ಚೂರು ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನಿಗೇ ಕುತ್ತು. ಮೊದಲ ಆಯಿಲ್, ಫಿಲ್ಟರ್ ಎರಡನ್ನೂ 4,000 ಕಿ.ಮೀ. ಸುಮಾರಿಗೆ ಬದಲಿಸಿ, ಆಮೇಲೆ ಮಾಮೂಲು. ಹೊಸದಾಗಿ ಒಂದು ಕಡೆ ಜಿನುಗು ಕಂಡರೆ, ಸೀಲ್ ಮೊದಲೇ ಹಾಳಾಗಿತ್ತು, ಕೊಳೆ ಅದನ್ನು ಮುಚ್ಚಿತ್ತು ಎಂದು ತಿಳಿಯಿರಿ. ಬಾಟಲಿಯಲ್ಲಿ ಬರುವ ಆಯಿಲ್ ಅಡಿಟಿವ್‌ಗಳು ಯಾವ ಘಟ್ಟದಲ್ಲೂ ಬೇಡ.

ಹಾಕಿದ ಮೇಲೆ ಗಮನಿಸಬೇಕಾದ್ದು

ಎರಡೇ ದಿನದಲ್ಲಿ ಆಯಿಲ್ ಕಪ್ಪಾಯಿತು ಎಂದು ಗಾಬರಿ ಬೇಡ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಡೀಸೆಲ್ ಆಯಿಲ್‌ನ ಕೆಲಸ. ಗಾಬರಿಯಾಗಬೇಕಾದದ್ದು ಎರಡಕ್ಕೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಾದರೆ ಒಳಗೆ ನೀರು ಸೇರಿದೆ, ಗಾಡಿ ಓಡಿಸಬೇಡಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದ್ದರೆ ಡೀಸೆಲ್ ಸೇರುತ್ತಿದೆ.

ಈ ಎರಡನೆಯದು ಬಿಎಸ್6 ಪಿಕಪ್‌ಗಳ ಮಾಮೂಲು ಕಾಯಿಲೆ. ರೀಜನರೇಷನ್‌ಗಾಗಿ ಸಿಲಿಂಡರಿಗೆ ತಡವಾಗಿ ಎರಚಿದ ಡೀಸೆಲ್‌ನ ಒಂದಂಶ ಗೋಡೆಗುಂಟ ಇಳಿದು ಚೇಂಬರ್ ಸೇರುತ್ತದೆ. ಎಪಿಎಂಸಿಗೂ ಮಳಿಗೆಗೂ ನಡುವೆ ಮೂರು ಮೂರು ಕಿಲೋಮೀಟರ್ ಓಡಿ ನಿಲ್ಲಿಸುವ ಗಾಡಿಯಲ್ಲಿ ರೀಜನರೇಷನ್ ಪ್ರತಿ ಸಲ ಅರ್ಧಕ್ಕೇ ನಿಂತು ಮತ್ತೆ ಶುರುವಾಗುತ್ತದೆ, ಡೀಸೆಲ್ ಸೇರುತ್ತಲೇ ಹೋಗುತ್ತದೆ. ಆಗ 5ಡಬ್ಲ್ಯೂ-30 ಅದರ ಗ್ರೇಡಿಗಿಂತ ತೆಳುವಾಗಿರುತ್ತದೆ, ಬ್ರ್ಯಾಂಡು ಯಾವುದಾದರೂ. ಡಿಪಿಎಫ್ ದೀಪ ಬಂದಾಗ ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ, ದೀಪ ಆರುವ ಮೊದಲು ನಿಲ್ಲಿಸಬೇಡಿ. ಮಟ್ಟ ಮೇಲಿನ ಗೆರೆ ದಾಟಿದರೆ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಿ. ಮೇಲಿನಷ್ಟು ಇಳಿಸಿ ಬಿಟ್ಟರೆ ಡೀಸೆಲ್ ಒಳಗೇ ಉಳಿಯುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಬಿಸಿ ಎಂಜಿನ್‌ನ ಡಿಪ್‌ಸ್ಟಿಕ್‌ನಿಂದ ಒಂದು ಹನಿಯನ್ನು ಬಿಳಿ ಫಿಲ್ಟರ್ ಪೇಪರಿನ ಮೇಲೆ ಬಿಡಿ, ಪೇಪರ್ ಅಡಿಗೆ ಏನೂ ತಾಗದಂತೆ ಲೋಟದ ಬಾಯಿ ಮೇಲಿಟ್ಟು ರಾತ್ರಿಯಿಡೀ ಬಿಡಿ. ಕಪ್ಪು ನಡುವಿನಿಂದ ಅಂಚಿಗೆ ಬೂದುಬಣ್ಣವಾಗಿ ಮೆಲ್ಲಗೆ ಹರಡಿದ್ದರೆ ಆಯಿಲ್‌ಗೆ ಇನ್ನೂ ಶಕ್ತಿ ಇದೆ. ನಡುವೆ ಗಟ್ಟಿ ಕಪ್ಪು ಬೊಟ್ಟು ನಿಂತು ಅದರ ಅಂಚು ಗೆರೆ ಎಳೆದಂತಿದ್ದರೆ ಮಸಿ ಹಿಡಿಯುವ ಶಕ್ತಿ ಮುಗಿದಿದೆ. ಹೊರಗಡೆ ಬಣ್ಣವಿಲ್ಲದ ಅಗಲವಾದ ಎಣ್ಣೆ ಉಂಗುರ ಕಂಡರೆ ಡೀಸೆಲ್ ಬೆರೆತಿದೆ. ಇದು ಲ್ಯಾಬ್ ಅಲ್ಲ, ಆದರೆ ಅವಧಿಗೆ ಮೊದಲೇ ಬದಲಿಸಬೇಕೇ ಎಂಬುದಕ್ಕೆ ಸಾಕಷ್ಟು ಸುಳಿವು ಕೊಡುತ್ತದೆ.

ಐಡಲಿಂಗ್ ಹೆಚ್ಚಿರುವ ಗಾಡಿಗೆ ಓಡೋಮೀಟರ್ ಸುಳ್ಳು ಹೇಳುತ್ತದೆ. ಒಂದು ಗಂಟೆ ಐಡಲ್ ಸುಮಾರು 40 ಕಿ.ಮೀ. ಓಟಕ್ಕೆ ಸಮ ಎಂದು ಸೇರಿಸಿಕೊಳ್ಳಿ. ದಿನಕ್ಕೆ ಎರಡು ಗಂಟೆ ಲೋಡಿಂಗ್‌ನಲ್ಲಿ ಎಂಜಿನ್ ಓಡುತ್ತಲೇ ಇದ್ದರೆ ತಿಂಗಳಿಗೆ 2,400 ಕಿ.ಮೀ. ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಮಟ್ಟ ಇಳಿದು ದಾರಿಯಲ್ಲಿ ಬೇರೆ ಬ್ರ್ಯಾಂಡ್ ಸೇರಿಸಬೇಕಾಗಿ ಬಂದರೆ ಸೇರಿಸಿ, ಅದೇ ದರ್ಜೆ, ಅದೇ ಗ್ರೇಡ್ ಇದ್ದರಾಯಿತು.

ತೆಗೆದ ಹಳೇ ಆಯಿಲನ್ನು ಸೆಂಟ್ರಿಂಗ್ ಶೀಟಿಗೋ ಬೇಲಿ ಕಂಬಕ್ಕೋ ಬಳಿಯುವ ರೂಢಿ ಇದೆ. ಕಾನೂನಿನ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಖಾಲಿ ಕ್ಯಾನಿಗೆ ತುಂಬಿ ಮುಚ್ಚಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಮರುಬಳಕೆದಾರರಿಗೆ ಹಾಕುವ ಸರ್ವಿಸ್ ಸೆಂಟರಿಗೆ ಕೊಡಿ. ಆ ಒಂದು ಕ್ಯಾನನ್ನು ಮಾತ್ರ ಸೀಳದೆ ಇಟ್ಟುಕೊಂಡಿರಬೇಕು. ನೀರು, ಕೂಲೆಂಟ್, ಡಿಇಎಫ್ ಯಾವುದನ್ನೂ ಅದರಲ್ಲಿ ಬೆರೆಸಬೇಡಿ, ಬೆರೆತ ಆಯಿಲನ್ನು ಅವರು ತೆಗೆದುಕೊಳ್ಳುವುದಿಲ್ಲ.